ಒಂದನೇ ತರಗತಿಯ ಗೋಡೆಗೆ ಅಪ್ಪ ನೆಯ್ದ ಬಟ್ಟೆ

ಮೇ ತಿಂಗಳ ಮೊದಲಲ್ಲಿ ಒಂದನೇ ತರಗತಿಯ ಬೀಗದ ಕೈಯನ್ನು ದೊಡ್ಡ ಟೀಚರ್ ನನಗೆ ಕೊಟ್ಟರು. ನಮ್ಮದು ಇಬ್ಬರೇ ಟೀಚರುಗಳಿರುವ ಸರ್ಕಾರಿ ಪ್ರಾಥಮಿಕ ಶಾಲೆ. ನಮ್ಮೂರಿನಿಂದ ಪೊಳ್ಳಾಚಿ ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದಾರಿ. ದೊಡ್ಡ ಟೀಚರ್ ಎಂದರೆ ನಮ್ಮ ಮುಖ್ಯೋಪಾಧ್ಯಾಯಿನಿ. ಅದುವರೆಗೆ ಚಿಕ್ಕ ಮಕ್ಕಳನ್ನು ಅವರು ನೋಡಿಕೊಳ್ಳುತ್ತಿದ್ದರು, ದೊಡ್ಡ ತರಗತಿಗಳನ್ನು ನಾನು.

“ನೆಲದ ಮೇಲೆ ಕೂತು ಏಳೋದು ಇನ್ನು ನನ್ನ ಕೈಲಾಗಲ್ಲ ಟೀಚರ್. ಮೊಣಕಾಲು ರಾಜೀನಾಮೆ ಕೊಟ್ಟುಬಿಟ್ಟಿದೆ,” ಎಂದರು. ಶಾಲೆಯಲ್ಲಿ ನಾವು ಆಡುವುದು ತಮಿಳು. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನನಗೆ ಖಾಲಿ ಕೋಣೆಗಳು ಇಷ್ಟ. ಯಾರೂ ಇಲ್ಲದಾಗ ಕೆಲಸ ಮಾಡುವುದು ಇನ್ನೂ ಇಷ್ಟ. ರಜೆಯಲ್ಲಿ ಶಾಲೆಗೆ ಹೋಗಿ, ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಕಿಟಕಿಗಳನ್ನು ತೆರೆದೆ. ಹೊರಗೆ ತೆಂಗಿನ ತೋಟ. ಒಳಗೆ ಹೋದ ವರ್ಷದ ವಾಸನೆ, ಗೋಂದು, ಸೀಮೆಸುಣ್ಣ, ಎಲ್ಲೋ ಒಣಗಿದ ಕಿತ್ತಳೆ ಸಿಪ್ಪೆ. ಬೀರುವಿನ ಹಿಂದೆ ಒಂದು ಕೆಂಪು ರಿಬ್ಬನ್ ಸಿಕ್ಕಿತು, ಅರ್ಧ ಕಡ್ಡಿ ಬಳಪ, ಕಣಜದ ಮಣ್ಣಿನ ಗೂಡು. ತಿರುಪ್ಪೂರಿನ ಕಂಪನಿಗಳಿಂದ ಕಿಲೋ ಲೆಕ್ಕದಲ್ಲಿ ಬರುವ ಬನಿಯನ್ ಚಿಂದಿ ಇಲ್ಲಿ ಎಲ್ಲ ಮನೆಗಳಲ್ಲೂ ಇರುತ್ತದೆ. ಒಂದು ಚೀಲ ತುಂಬ ತಂದಿದ್ದೆ. ಬಿಳಿಯದರಲ್ಲಿ ಕಿಟಕಿ ಒರೆಸಿದೆ, ಬಣ್ಣದವನ್ನು ತೋರಣಕ್ಕೆಂದು ಬೇರೆ ಇಟ್ಟೆ.

ಗೋಡೆಯ ಚಾರ್ಟುಗಳನ್ನು ತೆಗೆಯುವಾಗ ಒಂದು ವಿಷಯ ಗಮನಕ್ಕೆ ಬಂತು. ಮೊಣಕಾಲ ಮೇಲೆ ನಿಂತು ಕೋಣೆಯ ಸುತ್ತ ನಡೆದು ನೋಡಿದೆ. ಅಷ್ಟು ಎತ್ತರದಿಂದ ಒಂದು ಚಾರ್ಟೂ ಸರಿಯಾಗಿ ಕಾಣುತ್ತಿರಲಿಲ್ಲ. ಹೆಚ್ಚಿನವನ್ನು ದೊಡ್ಡವರ ಕಣ್ಣಿನ ಮಟ್ಟಕ್ಕೆ ಅಂಟಿಸಲಾಗಿತ್ತು. ಕೆಳಗಿದ್ದ ಒಂದೆರಡು ಮಾತ್ರ ಮಕ್ಕಳ ಬೆರಳು ತಾಗಿ ಹರಿದಿದ್ದವು. ಐದು ವರ್ಷದ ಮಗುವಿನ ಕಣ್ಣು ಎಲ್ಲಿಗೆ ಬರುತ್ತದೆಂದು ಅಳೆದು, ನಾಲ್ಕು ಗೋಡೆಗೂ ಪೆನ್ಸಿಲ್ಲಿನಲ್ಲಿ ಒಂದು ತೆಳ್ಳನೆಯ ಗೆರೆ ಎಳೆದೆ. ಮುಖ್ಯವಾದದ್ದೆಲ್ಲ ಆ ಗೆರೆಯ ಮೇಲೆ ಇರಬೇಕು, ಮುಟ್ಟಿದರೆ ಹರಿಯಬಾರದು. ಕಾಗದದಲ್ಲಿ ಇವೆರಡೂ ಒಟ್ಟಿಗೆ ಆಗುವುದಿಲ್ಲ.

ಇದನ್ನು ಆ ಸಂಜೆ ಮನೆಯಲ್ಲಿ ಹೇಳಿದ್ದೇ ಮುಂದಿನದಕ್ಕೆಲ್ಲ ಕಾರಣ.

ನಮ್ಮದು ಮಗ್ಗದ ಮನೆ. ಎಷ್ಟು ತಲೆಮಾರಿನ ಹಿಂದೆ ಈ ಕಡೆ ಬಂದರೋ ಯಾರಿಗೂ ಗೊತ್ತಿಲ್ಲ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಅಪ್ಪ ಅಮ್ಮನಿಗೆ ಕನ್ನಡ ಓದಲು ಬರುವುದಿಲ್ಲ. ನಾನೂ ಅಕ್ಷರ ಕಲಿತದ್ದು ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ, ಇಪ್ಪತ್ತೆರಡನೇ ವಯಸ್ಸಿನಲ್ಲಿ, ಮೈಸೂರಿನ ಗೆಳತಿಯೊಬ್ಬಳಿಂದ. ನಡುಮನೆಯಲ್ಲಿ ಗುಂಡಿ ಮಗ್ಗ. ಅಪ್ಪ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತರೆ ಅವರ ತಲೆ ನಮ್ಮ ಸೊಂಟದ ಎತ್ತರಕ್ಕೆ ಬರುತ್ತದೆ. ಚಿಕ್ಕವಳಿದ್ದಾಗ ನಾನು ಅಪ್ಪನ ಮುಖವನ್ನು ನೇರವಾಗಿ ನೋಡುತ್ತಿದ್ದುದು ಅವರು ಕೆಲಸದಲ್ಲಿರುವಾಗಲೇ.

ಅವರದು ಬುಟ್ಟಾ ಸೀರೆಯ ಕೈ. ಒಂದೊಂದು ಮಾವಿನಕಾಯಿ, ಒಂದೊಂದು ಹಕ್ಕಿಗೂ ಸಣ್ಣ ಕಂಡಿಕೆಯಲ್ಲಿ ಬೇರೆ ದಾರ ಸುತ್ತಿಟ್ಟುಕೊಂಡು, ಎಳೆ ಎಣಿಸಿ, ಕೈಯಿಂದಲೇ ತೂರಿಸುತ್ತಾರೆ. ಇದನ್ನು ನೇಯುವುದು ಬೋರಲಾಗಿ. ಸೀರೆಯ ಹೊರಮೈ ನೆಲದ ಕಡೆ, ದಾರದ ತುದಿಗಳಿರುವ ಒಳಮೈ ನೇಕಾರನ ಕಡೆ. ಹೊರಗೆ ಹೇಗೆ ಬಂದಿದೆ ನೋಡಬೇಕಾದಾಗ ಅಪ್ಪ ಅಂಗೈಯಗಲದ ಒಂದು ಕನ್ನಡಿಯನ್ನು ಬಟ್ಟೆಯ ಕೆಳಗೆ ತೂರಿಸಿ ಬಗ್ಗಿ ನೋಡುತ್ತಾರೆ. ಬರೀ ಸಾದಾ ಬಟ್ಟೆಗೆ ಕನ್ನಡಿ ಬೇಕಾಗುವುದಿಲ್ಲ.

ಆ ಏಪ್ರಿಲಿನಲ್ಲಿ ಅಪ್ಪನ ಬಲಗಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು. ಡಾಕ್ಟರು ಚೆನ್ನಾಗಿ ಆಗಿದೆ ಎಂದರು. ಅಪ್ಪನಿಗೆ ಮಾತ್ರ ಒಂದು ಕಣ್ಣಿಗೆ ಬಿಳಿ ನೂಲು ನೀಲಿಯಾಗಿಯೂ ಇನ್ನೊಂದಕ್ಕೆ ಹಳದಿಯಾಗಿಯೂ ಕಾಣುತ್ತಿತ್ತು. ಯಾವುದನ್ನು ನಂಬಬೇಕೆಂದು ಅವರಿಗೆ ತಿಳಿಯಲಿಲ್ಲ. ನೂಲು ಕೊಟ್ಟು ಸೀರೆ ತೆಗೆದುಕೊಳ್ಳುವ ಮುದಲಾಳಿ ಒಳ್ಳೆಯ ಮನುಷ್ಯ. ಜಗಲಿಯಲ್ಲಿ ಕೂತು ಕಾಫಿ ಕುಡಿದು ಮೆಲ್ಲಗೆ ಹೇಳಿದರು: “ಅಣ್ಣಾ, ಇನ್ನು ಬುಟ್ಟಾ ಯಾಕೆ? ಸಾದಾ ಹಾಕೊಂಡು ಆರಾಮಾಗಿರಿ.”

“ಸ್ಕೂಲು ತೆಗೀಲಿ. ಆಮೇಲೆ ಹೇಳ್ತೀನಿ,” ಎಂದರು ಅಪ್ಪ. ಶಾಲೆ ತೆರೆಯುವುದಕ್ಕೂ ಅದಕ್ಕೂ ಏನು ಸಂಬಂಧವೋ, ಅವರ ಬಾಯಿಗೆ ಬಂದ ದಿನ ಅದು. ಮುದಲಾಳಿ ಅಷ್ಟರವರೆಗೆಂದು ಟವೆಲಿನ ಹಾಸು ನೂಲು ಕೊಟ್ಟು ಹೋದರು. ಕನ್ನಡಿ ಅಡುಗೆಮನೆಯ ಕಂಬಕ್ಕೆ ಹೋಯಿತು. ಅಮ್ಮ ಅದರಲ್ಲಿ ಕುಂಕುಮ ಇಟ್ಟುಕೊಳ್ಳುತ್ತಿದ್ದರು. ಅಪ್ಪ ಅಲ್ಲಿ ಹಾದುಹೋಗುವಾಗ ಆ ಕಡೆ ನೋಡುತ್ತಿರಲಿಲ್ಲ.

ನಾನು ಚಾರ್ಟಿನ ವಿಷಯ ಹೇಳಿದ್ದು ಅಮ್ಮನಿಗೆ. ಉತ್ತರ ಬಂದದ್ದು ಗುಂಡಿಯಿಂದ.

“ಬಟ್ಟೆ ಹರಿಯಲ್ಲ, ಅಮ್ಮಿಣಿ.” ಅಪ್ಪ ನನ್ನನ್ನು ಮುದ್ದಿನಿಂದ ಕರೆಯುವುದು ಹಾಗೆ.

ಅಮ್ಮ ನಕ್ಕು ಅಪ್ಪನನ್ನು ಕೇಳಿದರು. “ಏನುಂಗೊ, ಗೋಡೆಗೆ ಸೀರೆ ಉಡಿಸ್ತೀರಾ?”

“ಉಡಿಸಿದರೆ ಏನು? ನಿನ್ನ ಹಂಗೆ ಕಲರ್ ಸರಿಯಿಲ್ಲ ಅಂತ ಗೋಡೆ ವಾಪಸ್ ಕೊಡಲ್ಲ.” ಆಮೇಲೆ ನನ್ನ ಕಡೆ ತಿರುಗಿ, ಬಹಳ ಸಾಧಾರಣ ದನಿಯಲ್ಲಿ, “ಅಕ್ಷರ ಹನ್ನೆರಡು ತಾನೆ? ನೀನು ಗ್ರಾಫ್ ಬರೆದು ಕೊಡು. ಈ ಟವೆಲ್ ಹಾಸಲ್ಲಿ ಒಂದು ಗಜ ಹೆಚ್ಚಿಗೆ ಇದೆ,” ಎಂದರು.

ಆ ಸಾಧಾರಣ ದನಿ ಅಮ್ಮನನ್ನೂ ನನ್ನನ್ನೂ ಮೋಸಗೊಳಿಸಲಿಲ್ಲ. ಅಪ್ಪ ತನ್ನ ಕಣ್ಣಿಗೆ ತಾನೇ ಪರೀಕ್ಷೆ ಇಟ್ಟುಕೊಳ್ಳುತ್ತಿದ್ದರು. ಮುದಲಾಳಿಯ ನೂಲಿನ ಮೇಲಲ್ಲ, ಯಾರೂ ಬೆಲೆ ಕಟ್ಟದ ಬಟ್ಟೆಯ ಮೇಲೆ.

ಗ್ರಾಫ್ ಬರೆಯಲು ನನಗೆ ಎರಡು ಮಧ್ಯಾಹ್ನ ಬೇಕಾಯಿತು. ತಮಿಳಿನ ಹನ್ನೆರಡು ಸ್ವರಗಳು, ಎರಡು ಸಾಲು, ಸಾಲಿಗೆ ಆರು. ಒಂದು ಚೌಕಕ್ಕೆ ಎರಡು ಎಳೆ. ತಮಿಳಿನ ‘ಅ’ ಅಕ್ಷರದ ಸುರುಳಿಯನ್ನು ಚೌಕಗಳ ಮೆಟ್ಟಿಲಲ್ಲಿ ತೋರಿಸುವುದು ಸುಲಭವಲ್ಲ. ಅಳಿಸಿ ಅಳಿಸಿ ಬರೆದೆ. ಅಪ್ಪ ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು, “ನಮ್ಮ ಡಿಸೈನ್ ಬರೆಯೋನಿಗಿಂತ ನೀಟಾಗಿದೆ,” ಎಂದರು. ನನಗೆ ಬಂದ ಬಹುಮಾನಗಳಲ್ಲಿ ಅದು ಸಣ್ಣದಲ್ಲ.

ಒಂಬತ್ತು ದಿನ ನೆಯ್ದರು. ಬೆಳಗಿನ ಬೆಳಕಿನಲ್ಲಿ ಮಾತ್ರ. ಕನ್ನಡಿ ಕಂಬದಿಂದ ಇಳಿದು ಬಂತು. ಅಮ್ಮ ಕುಂಕುಮವನ್ನು ಅಂದಾಜಿನಲ್ಲಿ ಇಟ್ಟುಕೊಂಡರು. ಒಂದೊಂದು ಸಾಲು ಮುಗಿದಂತೆ ಅಪ್ಪ ಕನ್ನಡಿಯನ್ನು ಕೆಳಗೆ ತೂರಿಸಿ, ಮೊದಲು ಎಡಗಣ್ಣು ಮುಚ್ಚಿ, ಆಮೇಲೆ ಬಲಗಣ್ಣು ಮುಚ್ಚಿ ನೋಡುತ್ತಿದ್ದರು. ಒಮ್ಮೆ ನನ್ನನ್ನೂ ಕರೆದರು. ಬಗ್ಗಿ ನೋಡಿದೆ. ಕನ್ನಡಿಯಲ್ಲಿ ‘ಅ’ ಕೆಂಪಗೆ, ನೆಟ್ಟಗೆ, ನಾನು ಬರೆದಂತೆಯೇ ಇತ್ತು.

“ಸರಿಯಾಗಿದೆಯಾ?”

“ಸರಿಯಾಗಿದೆ ಅಪ್ಪ.”

ಆ ದಿನಗಳಲ್ಲಿ ನಾನು ಶಾಲೆಯಲ್ಲಿ ಉಳಿದ ಕೆಲಸ ಮಾಡುತ್ತಿದ್ದೆ. ಬನಿಯನ್ ಚಿಂದಿಯನ್ನು ಪಟ್ಟಿ ಕತ್ತರಿಸಿ ಹುರಿಗೆ ಗಂಟು ಹಾಕಿ ತೋರಣ ಮಾಡಿದೆ. ತೆಂಗಿನ ಚಿಪ್ಪುಗಳನ್ನು ಉಜ್ಜಿ ಬಳಪ ಇಡಲು ಸಾಲಾಗಿ ಜೋಡಿಸಿದೆ. ಕರಿಹಲಗೆಯ ಎದುರಿನ ಗೋಡೆಯಲ್ಲಿ ಪೆನ್ಸಿಲ್ ಗೆರೆಗೆ ಸರಿಯಾಗಿ ಎರಡು ಮೊಳೆ ಹೊಡೆದು, ನಡುವಿನ ಜಾಗವನ್ನು ಖಾಲಿ ಬಿಟ್ಟೆ. ದೊಡ್ಡ ಟೀಚರ್ ಬಂದು ನೋಡಿ, “ಗೋಡೆ ಮಧ್ಯೆ ಏನು, ಹೊಸ ಟಿವಿ ಬರುತ್ತಾ?” ಎಂದರು. ನಾನು ನಕ್ಕೆ. ಏನು ಬರುತ್ತದೆಂದು ಹೇಳಲಿಲ್ಲ. ಮುಗಿಯುವ ಮೊದಲು ಹೇಳುವ ಅಭ್ಯಾಸ ನನಗಿಲ್ಲ.

ಶಾಲೆ ತೆರೆಯಲು ಐದು ದಿನವಿರುವಾಗ ಅಪ್ಪ ಬಟ್ಟೆಯನ್ನು ಮಗ್ಗದಿಂದ ಕೊಯ್ದು ತೆಗೆದರು. ಅಮ್ಮ ಜಗಲಿಯ ಮೇಲೆ ಚಾಪೆ ಹಾಸಿ, ಹೊರಮೈ ಮೇಲಾಗಿ ಹರಡಿದರು.

ಹನ್ನೆರಡು ಅಕ್ಷರಗಳೂ ಅಂದವಾಗಿದ್ದವು, ಹನ್ನೆರಡೂ ತಿರುವುಮುರುವು. ‘ಅ’ ಸಾಲಿನ ಬಲತುದಿಯಲ್ಲಿ ನಿಂತು ಆ ಕಡೆ ಮುಖ ಮಾಡಿತ್ತು.

“ಇದು ಯಾವ ಊರ ಅಕ್ಷರ?” ಎಂದರು ಅಮ್ಮ. ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿ ಸೆರಗಿನ ತುದಿ ಹಿಡಿದುಕೊಂಡರು.

ಅಪ್ಪ ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು. ಕನ್ನಡಿಯನ್ನು ತಂದು ಅಮ್ಮನ ಕೈಗೆ ಕೊಟ್ಟರು. “ಕಂಬಕ್ಕೆ ಹಾಕು. ಮುದಲಾಳಿ ಬಂದರೆ ಸಾದಾನೇ ಹಾಕ್ತೀನಿ ಅಂತ ಹೇಳು. ಮೇಲಿಂದಾನೂ ಸರಿ ಕಂಡಿತು, ಕೆಳಗಿಂದಾನೂ ಸರಿ ಕಂಡಿತು. ಎರಡು ಸಲ ಸುಳ್ಳು ಹೇಳೋ ಕಣ್ಣು ಇಟ್ಕೊಂಡು ನಾನೇನು ನೇಯೋದು?”

ನಾನು ಬಟ್ಟೆ ಮಡಿಸಿ ನನ್ನ ಚೀಲದಲ್ಲಿ ಇಟ್ಟುಕೊಂಡೆ. ಸಮಾಧಾನದ ಮಾತು ನನಗೆ ಸುಲಭವಾಗಿ ಬರುವುದಿಲ್ಲ. ಬಂದರೂ ತಡವಾಗಿ ಬರುತ್ತದೆ.

ಮರುದಿನ ಶಾಲೆಯಲ್ಲಿ ಆ ಎರಡು ಮೊಳೆಗಳ ಕೆಳಗೆ ಕೂತು ಬಟ್ಟೆಯನ್ನು ತೊಡೆಯ ಮೇಲೆ ಹರಡಿದೆ. ಮಗುಚಿದೆ. ಒಳಮೈಯಲ್ಲಿ ಅಕ್ಷರಗಳು ಸರಿಯಾಗಿದ್ದವು, ಕೊಂಚ ಮಸುಕು, ಅಂಚಿನಲ್ಲಿ ದಾರದ ತುದಿಗಳು. ಸರಿ, ನೇಯುವಾಗ ಅಪ್ಪನ ಕಡೆ ಇದ್ದದ್ದು ಈ ಮೈ. ಆದ್ದರಿಂದ ಮೇಲಿಂದ ಸರಿ ಕಂಡಿತು. ಕೆಳಗಿಂದಲೂ ಹೇಗೆ ಸರಿ ಕಂಡಿತು? ನಾನೂ ನೋಡಿದ್ದೆನಲ್ಲ. ನನ್ನ ಕಣ್ಣಿಗೆ ಆಪರೇಷನ್ ಆಗಿರಲಿಲ್ಲ.

ದೊಡ್ಡ ಟೀಚರ್ ಹತ್ತಿರ ಹೋಗಿ, “ನಿಮ್ಮ ಬ್ಯಾಗಿನಲ್ಲಿ ಕನ್ನಡಿ ಇದೆಯಾ?” ಎಂದು ಕೇಳಿದೆ.

“ನೀವು ಕನ್ನಡಿ ಕೇಳ್ತೀರಾ? ಮನೇಲಿ ಹೆಣ್ಣು ನೋಡೋಕೆ ಬರ್ತಿದ್ದಾರಾ?”

“ಇಲ್ಲ ಟೀಚರ್. ಒಂದು ಲೆಕ್ಕ ನೋಡಬೇಕು.”

ಎರಡು ಬೆಂಚುಗಳ ನಡುವೆ ಬಟ್ಟೆಯನ್ನು ಒಳಮೈ ಮೇಲಾಗಿ, ಮಗ್ಗದಲ್ಲಿದ್ದಂತೆ ಹಾಸಿ ಕನ್ನಡಿಯನ್ನು ಕೆಳಗೆ ಇಟ್ಟೆ. ಬಗ್ಗಿ ನೋಡಿದೆ. ಕೆಳಗಿನ ಮೈಯಲ್ಲಿ ತಿರುಗಿದ್ದ ಅಕ್ಷರವನ್ನು ಕನ್ನಡಿ ಮತ್ತೊಮ್ಮೆ ತಿರುಗಿಸಿ ನೆಟ್ಟಗೆ ತೋರಿಸುತ್ತಿತ್ತು. ಮಾವಿನಕಾಯಿ ಎಡಕ್ಕೆ ಬಾಗಲಿ ಬಲಕ್ಕೆ ಬಾಗಲಿ ಮಾವಿನಕಾಯಿಯೇ. ಹಕ್ಕಿ ಯಾವ ಕಡೆ ನೋಡಿದರೂ ಹಕ್ಕಿಯೇ. ನಲವತ್ತು ವರ್ಷ ಅಪ್ಪನಿಗೆ ಆ ಕನ್ನಡಿ ದಾರ ಜಾರಿದೆಯೇ, ಎಳೆ ತಪ್ಪಿದೆಯೇ ಎಂದು ಹೇಳಿತ್ತು, ನಿಜವನ್ನೇ ಹೇಳಿತ್ತು. ಎಡ ಬಲವನ್ನು ಅದರ ಹತ್ತಿರ ಯಾರೂ ಕೇಳಿರಲಿಲ್ಲ.

ಇನ್ನೊಂದು ವಿಷಯ ಹೊಳೆದಾಗ ಮುಖ ಬಿಸಿಯಾಯಿತು. ಮುದಲಾಳಿಯ ಕಡೆಯಿಂದ ಒಂದೇ ದಿಕ್ಕಿಗೆ ಇರಲೇಬೇಕಾದ ಚಿತ್ರವೇನಾದರೂ ಬಂದರೆ, ಗ್ರಾಫ್ ಬರೆಯುವವನು ಅದನ್ನು ಎಡಬಲ ಮಗುಚಿಯೇ ಬರೆದು ಕೊಡುತ್ತಾನೆ. ನೇಕಾರ ಕಾಗದವನ್ನು ನಂಬಿ ಎಳೆ ಎಣಿಸುತ್ತಾನೆ, ಅಷ್ಟೇ. ಅದು ಬರೆಯುವವನ ಕೆಲಸ. ಇಲ್ಲಿ ಬರೆದವಳು ನಾನು. ಎರಡು ವರ್ಷ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿ, ಪ್ರತಿಬಿಂಬದ ಪ್ರಶ್ನೆಗೆ ಪೂರ್ತಿ ಅಂಕ ತೆಗೆದವಳು.

ಸಂಜೆ ಅಪ್ಪ ಟವೆಲಿನ ಮುಂದೆ ಕೂತಿದ್ದರು. ಲಾಳಿ ಓಡುತ್ತಿರಲಿಲ್ಲ. ನಾನು ಕಂಬದಿಂದ ಕನ್ನಡಿ ತಂದೆ. ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

“ಅಪ್ಪ, ಇಲ್ಲಿ ನೋಡಿ.”

“ನೋಡಿದ್ದಾಯಿತಲ್ಲ.”

“ಒಂದು ಸಲ.” ಬಟ್ಟೆಯನ್ನು ಮಗ್ಗದ ಮೇಲೆ, ನೇಯುವಾಗ ಇದ್ದಂತೆಯೇ ಹಿಡಿದು, ಕನ್ನಡಿಯನ್ನು ಕೆಳಗೆ ಹಿಡಿದೆ. “ಏನು ಕಾಣುತ್ತೆ?”

“ನೆಟ್ಟಗೆ ಕಾಣುತ್ತೆ. ಅದೇ ಹೇಳಿದ್ದು, ನನ್ನ ಕಣ್ಣು...”

“ನನಗೂ ನೆಟ್ಟಗೇ ಕಾಣುತ್ತೆ. ಅಮ್ಮ, ಬಾ, ನೀನೂ ನೋಡು.”

ಅಮ್ಮ ಬಗ್ಗಿದರು. “ನೆಟ್ಟಗಿದೆ.” ಆಮೇಲೆ ಬಟ್ಟೆಯ ಅಂಚು ಎತ್ತಿ ಕೆಳಮೈ ನೋಡಿದರು. “ಇಲ್ಲಿ ಉಲ್ಟಾ.” ಮತ್ತೆ ಕನ್ನಡಿ. “ಅಯ್ಯೋ, ಇದರಲ್ಲಿ ನೆಟ್ಟಗೆ!”

ಅಪ್ಪ ನನ್ನ ಕೈಯಿಂದ ಕನ್ನಡಿ ತೆಗೆದುಕೊಂಡರು. ಬಹಳ ಹೊತ್ತು ಬಟ್ಟೆ ಎತ್ತುವುದು, ಇಳಿಸುವುದು, ಬಗ್ಗುವುದು ಮಾಡಿದರು. ನಾನು ಗ್ರಾಫಿನ ವಿಷಯ ಹೇಳಿದೆ. ಮಗುಚಿ ಬರೆಯಬೇಕಿತ್ತು, ಬರೆಯಲಿಲ್ಲ, ನನಗೆ ಹೊಳೆಯಲೇ ಇಲ್ಲ ಎಂದೆ.

ಅವರ ಮುಖ ಮೆಲ್ಲಗೆ ಬದಲಾಯಿತು. “ಹಂಗಾದರೆ ತಪ್ಪು ನಿಂದು.”

“ನನ್ನದೇ.”

“ಕಣ್ಣಿಂದಲ್ಲ.”

“ಕಣ್ಣಿಂದಲ್ಲ ಅಪ್ಪ. ಒಂದು ಎಳೆಯೂ ತಪ್ಪಿಲ್ಲ. ನಾನು ಎಣಿಸಿ ನೋಡಿದೆ.”

ಎಣಿಸಿದ್ದು ನಿಜ, ಮಧ್ಯಾಹ್ನ ಪೂರ್ತಿ. ಅಪ್ಪ ಅಮ್ಮನ ಕಡೆ ತಿರುಗಿದರು. “ಕೇಳಿದೆಯಾ? ನಮ್ಮ ಡಿಸೈನ್ ಬರೆಯೋನು ಎಂಟನೇ ಕ್ಲಾಸ್ ಫೇಲು. ಅವನಿಗೆ ಗೊತ್ತಿರೋದು ನಿನ್ನ ಮಗಳಿಗೆ ಗೊತ್ತಿಲ್ಲ. ಇದಕ್ಕೆ ಸರ್ಕಾರ ಮಕ್ಕಳನ್ನ ಒಪ್ಪಿಸಿದೆ!”

ಇಷ್ಟು ಬೈಸಿಕೊಂಡು ನಾನು ಯಾವತ್ತೂ ಇಷ್ಟು ಹಗುರವಾಗಿರಲಿಲ್ಲ.

ಆದರೂ ಅವರು ಮುದಲಾಳಿಯ ಮಾತೆತ್ತಲಿಲ್ಲ. ಕಣ್ಣು ಸರಿಯಿದೆ ಎಂದು ನಾವು ಮೂವರು ಮನೆಯೊಳಗೆ ಒಪ್ಪಿಕೊಳ್ಳುವುದು ಬೇರೆ. ಅವರ ಕೈಯ ಬಟ್ಟೆ ಹೊರಗೆ ನಾಲ್ಕು ಜನರ ಮುಂದೆ ನಿಲ್ಲುವುದು ಬೇರೆ. ಬಟ್ಟೆಯನ್ನು ಒಳಮೈ ಹೊರಗಾಗಿ ತೂಗುಹಾಕುತ್ತೇನೆ ಎಂದಾಗ ಅವರಿಗೆ ನಿಜವಾಗಿ ಕಸಿವಿಸಿಯಾಯಿತು. “ಒಳಮೈ ಯಾರಾದರೂ ತೋರಿಸ್ತಾರಾ? ನೇಯೋರ ಮನೆ ಮಕ್ಕಳೂ ಬರ್ತಾರೆ ಅಲ್ಲಿಗೆ. ನಗ್ತಾರೆ.”

“ಅಕ್ಷರ ಸರಿಯಿರಬೇಕಲ್ಲ ಅಪ್ಪ.”

ಭಾನುವಾರ ಬೆಳಿಗ್ಗೆ ಅವರೇ ನನ್ನ ಜೊತೆ ಬಸ್ ಹತ್ತಿದರು. ಮೊಳೆ ಗಟ್ಟಿಯಿದೆಯೇ ನೋಡಲು, ಎಂದರು. ಕೋಣೆಗೆ ಬಂದು ತೋರಣ ನೋಡಿದರು, ಚಿಪ್ಪುಗಳನ್ನು ನೋಡಿದರು, ಗೋಡೆಯ ಪೆನ್ಸಿಲ್ ಗೆರೆಯ ಮೇಲೆ ಬೆರಳಾಡಿಸಿದರು. ಮೊಳೆಯನ್ನು ಮುಟ್ಟಲೂ ಇಲ್ಲ. ಜೇಬಿನಿಂದ ಸೂಜಿ, ಸಣ್ಣ ಕತ್ತರಿ ತೆಗೆದು, ಕಿಟಕಿಯ ಬೆಳಕಿಗೆ ಬಟ್ಟೆ ಹರಡಿಕೊಂಡು ನೆಲದ ಮೇಲೆ ಕೂತರು. ಒಳಮೈಯ ದಾರದ ತುದಿಗಳನ್ನು ಒಂದೊಂದಾಗಿ ಸೂಜಿಯಿಂದ ಹಿಂದಕ್ಕೆ ಸೇರಿಸಿ, ಉಳಿದದ್ದನ್ನು ಕತ್ತರಿಸತೊಡಗಿದರು. ಚಿಕ್ಕ ಬೆರಳು ಸಿಕ್ಕಿಕೊಂಡು ಎಳೆ ಬಿಚ್ಚಬಾರದು ಎಂದು. ನಲವತ್ತು ವರ್ಷ ನೆಯ್ದವರು ಒಳಮೈಯನ್ನು ಇಷ್ಟು ನಾಜೂಕು ಮಾಡಿದ್ದು ಅದೇ ಮೊದಲಿರಬೇಕು. ನಾನು ಬಳಪ ಎಣಿಸುವ ನೆಪದಲ್ಲಿ ಪಕ್ಕದಲ್ಲೇ ಇದ್ದೆ.

ಶಾಲೆ ತೆರೆದ ದಿನ ಒಂದನೇ ತರಗತಿಗೆ ಹದಿನಾಲ್ಕು ಮಕ್ಕಳು ಬಂದರು. ಅರ್ಧದಷ್ಟು ಅಳುತ್ತಿದ್ದವು. ಅಳು ನಿಂತ ಮೇಲೆ ಒಬ್ಬೊಬ್ಬರೇ ಗೋಡೆಯ ಹತ್ತಿರ ಹೋಗಿ ಕೆಂಪು ಅಕ್ಷರಗಳನ್ನು ಮುಟ್ಟತೊಡಗಿದರು. ಬಟ್ಟೆ ಹರಿಯಲಿಲ್ಲ. ಮಗ್ಗದ ಬೀದಿಯಿಂದ ಬಂದ ಒಂದು ಹುಡುಗಿ, ಎರಡು ಜಡೆ, ಮೂಗಿನ ಕೆಳಗೆ ಕಣ್ಣೀರು ಒಣಗಿದ ಗುರುತು, ತುಂಬ ಹೊತ್ತು ನೋಡಿ ನನ್ನ ಹತ್ತಿರ ಬಂದಳು. ಅವಳಿಗೆ ನಾನು ಮನೆಯಲ್ಲಿ ಕನ್ನಡ ಆಡುವವಳೆಂದು ಯಾರು ಹೇಳಿದ್ದರೋ, ಕಿವಿಯಲ್ಲಿ ಕನ್ನಡದಲ್ಲೇ ಹೇಳಿದಳು:

“ಟೀಚರ್, ಇದು ಒಳಮೈ.”

“ಹೌದು. ನಿನಗೆ ಹೇಗೆ ಗೊತ್ತು?”

“ನಮ್ಮ ತಾತ ಹಿಂಗೇ ನೇಯ್ತಾರೆ. ಹೊರಮೈ ಗೋಡೆ ಕಡೆ ಇದೆ.” ಅಂಚು ಎತ್ತಿ ನೋಡಿದಳು. “ಆ ಕಡೆ ಇನ್ನೂ ಚೆನ್ನಾಗಿದೆ ಟೀಚರ್. ಆದರೆ ಅದು ಎಲ್ಲಾ ಆ ಕಡೆ ತಿರುಗಿದೆ.”

ಮಧ್ಯಾಹ್ನದೊಳಗೆ ಹದಿನಾಲ್ಕು ಮಕ್ಕಳೂ ಅಂಚು ಎತ್ತಿ ಹಿಂದೆ ಇಣುಕಿಯಾಗಿತ್ತು. ಅವರಲ್ಲಿ ಅಕ್ಷರ ಗೊತ್ತಿದ್ದವರು ಇಬ್ಬರೋ ಮೂವರೋ. ಒಬ್ಬನಂತೂ ತನ್ನ ಸ್ಲೇಟಿನಲ್ಲಿ ‘ಅ’ ಬರೆದು ತಂದ, ಆ ಕಡೆ ಮುಖ ಮಾಡಿದ್ದನ್ನು. ಅವನನ್ನು ತಿದ್ದುವ ಮೊದಲು ನಾನು ಬಟ್ಟೆಯ ಹಿಂಬದಿಯನ್ನು ತೋರಿಸಿ, “ನಿನ್ನದು ಇಲ್ಲಿದೆ ನೋಡು,” ಎಂದೆ. ಅವನಿಗೆ ಪರಮ ಸಂತೋಷ.

ಮಕ್ಕಳಿಗೆ ತೋರಿಸೋಣವೆಂದು ಮರುದಿನ ಕಂಬದ ಕನ್ನಡಿಯನ್ನು ಅಮ್ಮನಿಗೆ ಹೇಳಿ ಶಾಲೆಗೆ ಒಯ್ದೆ. ಬಟ್ಟೆ ಇಳಿಸಿ ಬೆಂಚುಗಳ ನಡುವೆ ಹಾಸಿ, ಕನ್ನಡಿ ಕೆಳಗೆ ಹಿಡಿದು ಒಬ್ಬೊಬ್ಬರನ್ನೇ ಬಗ್ಗಿಸಿ ನೋಡಿಸಿದೆ. ಗಲಾಟೆಗೆ ದೊಡ್ಡ ಟೀಚರ್ ಬಂದರು, ಮೊಣಕಾಲು ಮರೆತು ಅವರೂ ಬಗ್ಗಿದರು. ಕನ್ನಡಿ ಶಾಲೆಯ ಬೀರುವಿನಲ್ಲೇ ಉಳಿಯಿತು.

ಸಂಜೆ ಅಪ್ಪ ಕೇಳಿದರು, “ಮಕ್ಕಳು ಏನಂದವು?” ಮೊದಲ ದಿನ ಕೇಳಿರಲಿಲ್ಲ. ಕೇಳಲು ಒಂದು ದಿನ ಬೇಕಾಗಿತ್ತು ಅಂತ ಕಾಣುತ್ತದೆ. ನಾನು ಎರಡು ಜಡೆಯ ಹುಡುಗಿಯ ಮಾತನ್ನು ಹಾಗೇ ಹೇಳಿದೆ.

“ನಕ್ಕಳಾ?”

“ಇಲ್ಲ. ಆ ಕಡೆ ಇನ್ನೂ ಚೆನ್ನಾಗಿದೆ ಅಂದಳು.”

ಅಪ್ಪ ಲಾಳಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. “ಐದು ವರ್ಷದ್ದಕ್ಕೆ ಗೊತ್ತಾಗುತ್ತೆ,” ಎಂದರು, ಯಾರಿಗೂ ಅಲ್ಲ.

ಅದಾದ ಎರಡನೆಯ ಬೆಳಿಗ್ಗೆ ನಾನು ಟಿಫನ್ ಡಬ್ಬಿ ಕಟ್ಟಿಕೊಂಡು ಬಸ್ಸಿಗೆ ಹೊರಡುತ್ತಿದ್ದೆ. ಜಗಲಿಯಲ್ಲಿ ಮುದಲಾಳಿ ಕಾಫಿ ಕುಡಿಯುತ್ತಿದ್ದರು, ಪಕ್ಕದಲ್ಲಿ ಹೊಸ ನೂಲಿನ ಕಟ್ಟು. ಒಳಗೆ ಅಪ್ಪ ಅಡುಗೆಮನೆಯ ಕಂಬದ ಮುಂದೆ ನಿಂತು, ಖಾಲಿ ಮೊಳೆಯನ್ನು ನೋಡುತ್ತಿದ್ದರು.

“ಅಮ್ಮಿಣಿ,” ಎಂದು ಕೂಗಿದರು, ಜಗಲಿಗೆ ಕೇಳುವಷ್ಟು ಜೋರಾಗಿ. “ನನ್ನ ಕನ್ನಡಿ ಸ್ಕೂಲಲ್ಲೇ ಬಿಟ್ಟು ಬಂದಿದೀಯಾ? ಸಂಜೆ ಬರುವಾಗ ಮರೀದೆ ತಗೊಂಡು ಬಾ.”